ಪಟ್ಟಣದಿಂದ ಮರಳಿದವರು

1784ರ ಜನವರಿ ಕೊನೆಯಲ್ಲಿ ಮಂಗಳೂರಿನ ಕೋಟೆಯ ಬಾಗಿಲು ತೆರೆಯಿತು. ಹಿಂದಿನ ಮೇ ತಿಂಗಳಿಂದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದ ಇಂಗ್ಲಿಷ್ ದಂಡು, ಇಡೀ ಮಳೆಗಾಲವನ್ನು ಕುಸಿಯುತ್ತಿದ್ದ ಗೋಡೆಗಳ ನಡುವೆ ಕಳೆದು, ಹಸಿವು ಮತ್ತು ರೋಗಕ್ಕೆ ಅರ್ಧಕ್ಕರ್ಧ ಕರಗಿ ಹೊರಬಂತು. ಅದರ ನಾಯಕ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಮುಂಬಯಿ ತಲುಪಿದರೂ ಚೇತರಿಸಿಕೊಳ್ಳಲಿಲ್ಲ, ಮಾರ್ಚಿಯಲ್ಲಿ ತೀರಿಕೊಂಡ. ಅದೇ ಮಾರ್ಚ್ 11ರಂದು ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪೆನಿಯ ನಡುವೆ ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದ ನೆಲಗಳನ್ನು ಹಿಂದಿರುಗಿಸುವುದು, ಯುದ್ಧಕೈದಿಗಳನ್ನು ಬಿಡುವುದು ಅದರ ತಿರುಳು. ಶಾಲೆಯ ಪುಸ್ತಕಗಳಲ್ಲಿ ಎರಡನೆಯ ಮೈಸೂರು ಯುದ್ಧ ಅಲ್ಲಿಗೆ ಮುಗಿಯುತ್ತದೆ.

ಆದರೆ ಸಹಿಗಳು ಬೀಳುವ ಹೊತ್ತಿಗೆ ಇನ್ನೊಂದು ಸೆರೆಯ ಸಾಲು ಹೊರಟಾಗಿತ್ತು. ಫೆಬ್ರವರಿ ಕೊನೆಯ ವಾರದ ವಿಭೂತಿ ಬುಧವಾರ, ಉಪವಾಸ ಕಾಲದ ಮೊದಲ ದಿನ, ಕೆನರಾದ ಉದ್ದಗಲಕ್ಕೂ ಕಿರಿಸ್ತಾನರ ಮನೆಗಳನ್ನು ಸೈನಿಕರು ಸುತ್ತುವರಿದರು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಎಲ್ಲರನ್ನೂ ಹಿಡಿದು ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣದತ್ತ ಹೊರಡಿಸಿದರು. ಗೋವಾದಿಂದ ಬಂದಿದ್ದ ಪಾದ್ರಿಗಳನ್ನು ಗಡೀಪಾರು ಮಾಡಿದರು. ಮನೆ, ಗದ್ದೆ, ತೋಟಗಳು ಸರಕಾರದ ವಶವಾದವು.

ಆ ಸಾಲಿನಲ್ಲಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅಂಥವರು ಸಾವಿರಾರು ಮಂದಿ ಇದ್ದರು. ಮಂಗಳೂರಿನ ಎಷ್ಟೋ ಮನೆತನಗಳ ಮೂಲಪುರುಷ ಅವರಲ್ಲೊಬ್ಬ. 1792ರಲ್ಲಿ ಅವನಿಗೆ ಇಪ್ಪತ್ತು, 1799ರಲ್ಲಿ ಇಪ್ಪತ್ತೇಳು. ಸೆರೆಯಾಳಾಗಿ ಹೋಗಿ, ಬಂದೂಕು ಹಿಡಿದು ಸಿಪಾಯಿಯಾಗಿ, ಕೊನೆಗೆ ಬರಿಗೈಯಲ್ಲಿ ಕಾಡಂಚಿನ ನೆಲಕ್ಕೆ ಒಕ್ಕಲಾಗಿ ಬಂದವನ ಬಾಳು ಅದು. ಅದರ ಮೊದಲರ್ಧವನ್ನು ನಾವು ಮತ್ತೆ ಮತ್ತೆ ಹೇಳಿಕೊಂಡಿದ್ದೇವೆ. ಎರಡನೆಯ ಅರ್ಧವನ್ನೂ ಅಷ್ಟೇ ಶ್ರದ್ಧೆಯಿಂದ ಹೇಳಬೇಕೆಂಬುದು ಈ ಲೇಖನದ ಆಸೆ.

ಮೊದಲ ವಲಸೆ

ಈ ಜನ ಕೆನರಾಕ್ಕೆ ಬಂದದ್ದೂ ವಲಸಿಗರಾಗಿಯೇ. ಹದಿನಾರನೆಯ ಶತಮಾನದ ಉತ್ತರಾರ್ಧದಿಂದ ಗೋವಾದ ಬಾರ್ದೇಶ್, ಸಾಷ್ಟಿಗಳಿಂದ ಕೊಂಕಣಿ ಮಾತಾಡುವ ಕುಟುಂಬಗಳು ಅಲೆ ಅಲೆಯಾಗಿ ತೆಂಕಣಕ್ಕೆ ಇಳಿದವು. 1560ರಲ್ಲಿ ಗೋವಾದಲ್ಲಿ ಶುರುವಾದ ಇನ್‌ಕ್ವಿಸಿಷನ್ನಿನ ಕಾಟ, ಪೋರ್ಚುಗೀಸರ ತೆರಿಗೆ, ಕ್ಷಾಮ, ಬಿಜಾಪುರದ ಸುಲ್ತಾನರೊಡನೆ ಯುದ್ಧ, ಮುಂದೆ ಮರಾಠರ ದಾಳಿ, ಹೀಗೆ ಒಂದೊಂದು ಅಲೆಗೂ ಒಂದೊಂದು ಕಾರಣ. ಕೊಂಕಣಿ ಮಾತಾಡುವ ಹಿಂದೂಗಳೂ ಇದೇ ಕರಾವಳಿ ಹಿಡಿದು ಬಂದರು. ದೇವರು ಬೇರೆಯಾದರೂ ಹೊರಟ ಊರು ಒಂದೇ, ತಂದ ಮಾತು ಒಂದೇ.

ಕೆಳದಿಯ ನಾಯಕರಿಗೆ ಆಗ ಒಕ್ಕಲು ಬೇಕಿತ್ತು. ಕರಾವಳಿಯ ಅಕ್ಕಿ ಗೋವಾಕ್ಕೂ ಅರಬ್ಬೀ ಸಮುದ್ರದಾಚೆಯ ಮಸ್ಕತ್ತಿಗೂ ಹಡಗೇರುತ್ತಿದ್ದ ಕಾಲ. ಹೊಸ ಗದ್ದೆ ಎಬ್ಬಿಸಬಲ್ಲ ಜನಕ್ಕೆ ಅರಸರು ನೆಲ ಕೊಟ್ಟರು, ಇಗರ್ಜಿ ಕಟ್ಟಿಕೊಳ್ಳಲು ಜಾಗ ಕೊಟ್ಟರು. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು ಬಿಷಪ್ ಥಾಮಸ್ ದ ಕಾಸ್ಟ್ರೊ 1680ರಲ್ಲಿ ಕಟ್ಟಿಸಿದ್ದು ಕೆಳದಿಯ ಚೆನ್ನಮ್ಮಾಜಿ ಆಳುತ್ತಿದ್ದ ದಿನಗಳಲ್ಲಿ. ನೂರು ವರ್ಷ ಕಳೆಯುವಷ್ಟರಲ್ಲಿ ಕೆನರಾದಲ್ಲಿ ಇಪ್ಪತ್ತೇಳು ಇಗರ್ಜಿಗಳಿದ್ದವು. ಕಿರಿಸ್ತಾನರಲ್ಲಿ ದೊಡ್ಡ ಗದ್ದೆಗಳ ಒಡೆಯರಿದ್ದರು, ವ್ಯಾಪಾರಿಗಳಿದ್ದರು, ಸಿಪಾಯಿಗಳೂ ಇದ್ದರು. 1763ರಲ್ಲಿ ಬಿದನೂರನ್ನೂ ಮಂಗಳೂರನ್ನೂ ಗೆದ್ದ ಹೈದರ್ ಅಲಿಯ ದಂಡಿನಲ್ಲಿ ಕೆನರಾದ ಕಿರಿಸ್ತಾನರು ಚಾಕರಿ ಮಾಡಿದ್ದರು. ಕೆನರಾದ ಕಿರಿಸ್ತಾನ ಹುಡುಗ ಮೈಸೂರಿನ ಬಂದೂಕು ಹಿಡಿದದ್ದು 1784ರ ನಂತರವೇ ಮೊದಲ ಬಾರಿ ಎಂದು ತಿಳಿಯಬಾರದು.

ಹಾಗಿದ್ದೂ 1784ರಲ್ಲಿ ಈ ಸಿಡಿಲು ಏಕೆ ಬಿತ್ತು? 1783ರ ಮೊದಲ ತಿಂಗಳುಗಳಲ್ಲಿ ಜನರಲ್ ಮ್ಯಾಥ್ಯೂಸ್‌ನ ದಂಡು ಬಿದನೂರನ್ನು ಹಿಡಿಯಿತು. ಮಾರ್ಚ್ 9ರಂದು ಮಂಗಳೂರು ಇಂಗ್ಲಿಷರಿಗೆ ಶರಣಾಯಿತು. ತಂದೆಯನ್ನು ಕಳೆದುಕೊಂಡು ಕೆಲವೇ ತಿಂಗಳಾಗಿದ್ದ ಟಿಪ್ಪು ರಭಸದಿಂದ ಬಂದು ಬಿದನೂರನ್ನು ಮರಳಿ ಗೆದ್ದ. ಮಂಗಳೂರಿಗೆ ಮುತ್ತಿಗೆ ಹಾಕಿದ. ಕಿರಿಸ್ತಾನರು ಮ್ಯಾಥ್ಯೂಸ್‌ಗೆ ಹಣ ಒದಗಿಸಿದರು, ಕೋಟೆಯೊಳಗಿನವರಿಗೆ ನೆರವಾದರು ಎಂಬುದು ಅವರ ಮೇಲೆ ಹೊರಿಸಿದ ದೋಷ. ಅದರ ಜೊತೆಗೆ ಪೋರ್ಚುಗೀಸರ ಮತಾಂತರಗಳ ಬಗೆಗೆ ಟಿಪ್ಪುವಿಗಿದ್ದ ಕೋಪವೂ ಸೇರಿತ್ತು. ಕೆಲವರು ನೆರವಾಗಿರಬಹುದು. ಆದರೆ ವಿಚಾರಣೆಯಿಲ್ಲದೆ ಒಂದಿಡೀ ಸಮುದಾಯವನ್ನು, ತೊಟ್ಟಿಲ ಕೂಸನ್ನೂ ಬಿಡದೆ, ಬೇರು ಸಮೇತ ಕಿತ್ತುಹಾಕುವುದಕ್ಕೆ ಯಾವ ದೋಷವೂ ಸಮರ್ಥನೆಯಾಗದು.

ಹಿಡಿದವರ ಸಂಖ್ಯೆ ಎಷ್ಟೆಂಬುದರಲ್ಲಿ ಒಮ್ಮತವಿಲ್ಲ. ಟಿಪ್ಪುವಿನ ಆಸ್ಥಾನದ ಬರವಣಿಗೆಯೇ 60,000 ಎಂದು ಹೇಳಿಕೊಳ್ಳುತ್ತದೆ. ಮೈಸೂರಿನಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಅಬೆ ದುಬುವಾ ಕೂಡ ಆ ಸಂಖ್ಯೆಯನ್ನೇ ಕೊಡುತ್ತಾನೆ. ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಅದನ್ನು ಅರ್ಧಕ್ಕೆ ಇಳಿಸುತ್ತಾನೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಆ ಕಾಲದ ಕರಾವಳಿಯಲ್ಲಿ ಅದು ಊರೂರುಗಳೇ ಬರಿದಾಗುವಷ್ಟು ಜನ.

ಆ ದಿನಗಳಲ್ಲಿ ನೆರೆಯವರು ಏನು ಮಾಡಿದರು ಎಂಬುದಕ್ಕೂ ಒಂದು ನೆನಪು ಉಳಿದಿದೆ. ಇಗರ್ಜಿಗಳು ಒಂದೊಂದಾಗಿ ನೆಲಸಮವಾಗುತ್ತಿದ್ದಾಗ ಮೂಡುಬಿದಿರೆಯ ಚೌಟ ಅರಸರು ನಡುವೆ ಬಂದು ಹೊಸ್ಪೆಟ್‌ನ ಇಗರ್ಜಿಯನ್ನು ಉಳಿಸಿದರು. ಜೈನ ಅರಸರೊಬ್ಬರ ಮಾತಿನಿಂದ ಉಳಿದ ಕ್ರೈಸ್ತ ದೇವಾಲಯ ಅದು. ಫರಂಗಿಪೇಟೆಯ ಮೊಂತೆ ಮರಿಯಾನೊ ಕೂಡ ಕೆಡವಿದವರ ಕೈಯಿಂದ ಪಾರಾಯಿತು.

ಪಟ್ಟಣದ ಕವಾಯತು

ಶ್ರೀರಂಗಪಟ್ಟಣವನ್ನು ಜನ ಬರೀ 'ಪಟ್ಟಣ' ಎನ್ನುತ್ತಿದ್ದರು. ಕರಾವಳಿಯಿಂದ ಅಲ್ಲಿಗೆ ಆರು ವಾರಗಳ ನಡಿಗೆ ಎಂಬುದು ಸಮುದಾಯದ ನೆನಪು. ಫೆಬ್ರವರಿ-ಮಾರ್ಚಿಯ ಬಿಸಿಲು, ಘಟ್ಟದ ಏರು, ಕಾಡಿನ ಜ್ವರ, ಅರೆಹೊಟ್ಟೆ. ಮುದುಕರು ಮತ್ತು ಹಸುಗೂಸುಗಳು ಮೊದಲು ಬಿದ್ದರು. ಸತ್ತವರಿಗೆ ಮಣ್ಣು ಕೊಡಲು ನಿಲ್ಲುವಂತಿರಲಿಲ್ಲ.

ಪಟ್ಟಣ ಸೇರಿದ ಮೇಲೆ ಕುಟುಂಬಗಳು ಒಡೆದವು. ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಯನ್ನು ಅಧಿಕಾರಿಗಳ ಮನೆಗಳಿಗೆ ಹಂಚಲಾಯಿತು. ಅವರಲ್ಲಿ ಹಲವರ ಕಥೆ ಅಲ್ಲಿಗೇ ಕಡಿದುಹೋಯಿತು. ಗಂಡುಮಕ್ಕಳಿಗೆ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ದಂಡಿಗೆ ಸೇರಿಸಿದರು. ಇಂಥ ಬಲವಂತದ ಭರ್ತಿಯಿಂದ ಕಟ್ಟಿದ ದಳಗಳಿಗೆ ಅಹ್ಮದಿ ಎಂದು ಹೆಸರು. ಅದರ ಸೈನಿಕರನ್ನು ಚೇಲಾ ಎನ್ನುತ್ತಿದ್ದರು. ಅದೇ ಸಾಲಿನಲ್ಲಿ ಕೊಡಗಿನಿಂದ ಹಿಡಿದು ತಂದವರೂ ಮಲಬಾರಿನ ನಾಯರರೂ ಇದ್ದರು. ಜನರನ್ನು ಗುಂಪುಗುಂಪಾಗಿ ಎತ್ತಿ ಇನ್ನೊಂದೆಡೆ ನೆಡುವುದು ಆ ರಾಜ್ಯದ ಪದ್ಧತಿಯೇ ಆಗಿತ್ತು; ಪಟ್ಟಣದ ಪಕ್ಕದ ಗಂಜಾಂ ತುಂಬಿದ್ದು ಕೂಡ ಶಿರಾದಿಂದ ತಂದ ಕುಟುಂಬಗಳಿಂದ.

ಈ ಹುಡುಗರ ದಿನಚರಿ ಹೇಗಿತ್ತೆಂದು ತಿಳಿಯಲು ಇನ್ನೊಬ್ಬ ಹುಡುಗನ ಬರಹ ನೆರವಿಗೆ ಬರುತ್ತದೆ. ಜೇಮ್ಸ್ ಸ್ಕರಿ ಇಂಗ್ಲಿಷ್ ನೌಕೆ ಹ್ಯಾನಿಬಲ್‌ನಲ್ಲಿದ್ದ ಹದಿಹರೆಯದವ. 1782ರಲ್ಲಿ ಫ್ರೆಂಚರು ಆ ನೌಕೆಯನ್ನು ಹಿಡಿದು, ಅದರ ಜನರನ್ನು ಹೈದರನಿಗೆ ಒಪ್ಪಿಸಿದರು. ಸ್ಕರಿ ಮತ್ತು ಅವನ ಜೊತೆಯ ಹುಡುಗರಿಗೂ ಪಟ್ಟಣದಲ್ಲಿ ಸುನ್ನತಿಯಾಯಿತು, ಹೊಸ ಹೆಸರು ಬಂತು, ಚೇಲಾ ದಳದಲ್ಲಿ ಕವಾಯತು ಶುರುವಾಯಿತು. ಹತ್ತು ವರ್ಷದ ನಂತರ ತಪ್ಪಿಸಿಕೊಂಡು ಹೋದ ಅವನ ನೆನಪುಗಳು 1824ರಲ್ಲಿ ಅಚ್ಚಾದವು. ಕೆನರಾದ ಕಿರಿಸ್ತಾನರ ಪಾಡನ್ನು ಕಣ್ಣಾರೆ ಕಂಡು ಬರೆದ ಕೆಲವೇ ಮಂದಿಯಲ್ಲಿ ಅವನೊಬ್ಬ. ಬ್ರಿಟನ್ನಿನ ಬಡಮನೆಯ ಹುಡುಗನಿಗೂ ಬೊಂದೆಲ್ ಇಲ್ಲವೇ ಬೆಳ್ತಂಗಡಿಯ ಕಡೆಯ ಹುಡುಗನಿಗೂ ಅಲ್ಲಿ ಹಣೆಬರಹ ಒಂದೇ ಆಗಿತ್ತು.

ಟಿಪ್ಪುವಿನ ದಂಡು ಆ ಕಾಲಕ್ಕೆ ಭಾರತದ ಅತ್ಯಂತ ಕಟ್ಟುನಿಟ್ಟಿನ ದಂಡುಗಳಲ್ಲಿ ಒಂದು. ಫತಹ್-ಉಲ್-ಮುಜಾಹಿದೀನ್ ಎಂಬ ಸೈನಿಕ ಕೈಪಿಡಿಯನ್ನು ಬರೆಸಿ, ಕವಾಯತಿನ ಆಜ್ಞೆಗಳನ್ನು ಪಾರಸಿಗೆ ತಿರುಗಿಸಿದ್ದ ಅವನು ದಳಗಳಿಗೆ ಕುಶೂನ್ ಎಂದು ಹೆಸರಿಟ್ಟಿದ್ದ. ಪ್ರತಿ ಕುಶೂನಿನ ಜೊತೆ ರಾಕೆಟ್ ಹಾರಿಸುವವರ ತುಕಡಿ ಇರುತ್ತಿತ್ತು. ಹುಲಿಪಟ್ಟೆಯ ಬಟ್ಟೆ ತೊಟ್ಟ ಸಿಪಾಯಿಗಳು ಫ್ಲಿಂಟ್ ಬಂದೂಕಿಗೆ ಮದ್ದು ತುಂಬುವುದು, ಸಾಲು ತಿರುಗುವುದು, ಗುಂಡು ಹಾರಿಸುವುದನ್ನು ದಿನದಿನವೂ ಕಲಿಯುತ್ತಿದ್ದರು. ಕೊಂಕಣಿಯಲ್ಲಿ ಕನಸು ಕಾಣುವ, ತುಳುವಿನಲ್ಲಿ ಆಟವಾಡಿ ಬೆಳೆದ ಹುಡುಗ ಪಾರಸಿ ಆಜ್ಞೆಗೆ ಹೆಜ್ಜೆ ಹಾಕಿದ. ಹದಿನೈದಕ್ಕೆ ಅವನು ಪಳಗಿದ ಸಿಪಾಯಿ. ಹದಿನೆಂಟಕ್ಕೆ, 1790ರಲ್ಲಿ, ಮೂರನೆಯ ಮೈಸೂರು ಯುದ್ಧ ಶುರುವಾದಾಗ, ನಿಜವಾದ ಗುಂಡಿನ ಎದುರು ನಿಲ್ಲಬೇಕಾದವನು.

ಈ ಸಂಗತಿಯನ್ನು ಹೇಳಲು ನಮ್ಮ ಮನೆಗಳಲ್ಲಿ ಹಿಂಜರಿಕೆಯಿದೆ. ಸೆರೆಯಾಳು ಎಂದು ನೆನೆಯುವುದು ಸುಲಭ, ಸುಲ್ತಾನನ ಸಿಪಾಯಿ ಎಂದು ನೆನೆಯುವುದು ಕಷ್ಟ. ಆದರೆ ಇವೆರಡೂ ಒಬ್ಬನೇ ಮನುಷ್ಯ. ಬದುಕಿ ಉಳಿಯಬೇಕಾದರೆ ಅವನು ಸಾಲಿನಲ್ಲಿ ನಿಲ್ಲಬೇಕಿತ್ತು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಒಂದು ರಾತ್ರಿ, ಒಂದು ಗಡಿ

1792ರ ಫೆಬ್ರವರಿ 6ರ ರಾತ್ರಿ ಲಾರ್ಡ್ ಕಾರ್ನ್‌ವಾಲಿಸ್‌ನ ದಂಡು ಶ್ರೀರಂಗಪಟ್ಟಣದ ಹೊರವಲಯದ ಮೇಲೆ ಬಿತ್ತು. ಕಾವೇರಿಯ ದಡದಲ್ಲಿ ಕತ್ತಲು, ಹೊಗೆ, ಗಲಿಬಿಲಿ. ಆ ಗದ್ದಲದಲ್ಲಿ ನಡೆದ ಒಂದು ಘಟನೆ ಯುದ್ಧದ ವರದಿಗಳಲ್ಲಿ ಕೆಲವೇ ಸಾಲು ಪಡೆದಿದೆ, ಆದರೆ ನಮ್ಮ ಕಥೆಗೆ ಅದು ನಡುಗಂಬ. ಕೊಡಗಿನಿಂದ ಹಿಡಿದು ತಂದು ಅಹ್ಮದಿ ದಳಗಳಲ್ಲಿ ನಿಲ್ಲಿಸಿದ್ದ ಸಿಪಾಯಿಗಳು, ಸುಮಾರು ಹತ್ತು ಸಾವಿರ ಜನ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಾಲು ಬಿಟ್ಟು ಹೊರಟೇಬಿಟ್ಟರು. ಪಡುವಣದ ತಮ್ಮ ಕಾಡುಗಳಿಗೆ ಮರಳಿದರು. ವರ್ಷಗಟ್ಟಲೆಯ ಕವಾಯತು ಅವರ ಮನೆಯ ದಾರಿಯನ್ನು ಮರೆಸಿರಲಿಲ್ಲ.

ಅವರನ್ನು ಬರಮಾಡಿಕೊಂಡ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಸ್ವತಃ ಸೆರೆಯಿಂದ ತಪ್ಪಿಸಿಕೊಂಡು ಬಂದವನು. ಪಿರಿಯಾಪಟ್ಟಣದಲ್ಲಿ ಕುಟುಂಬದೊಡನೆ ಬಂದಿಯಾಗಿದ್ದ ಅವನು 1788ರಲ್ಲಿ ಪಾರಾಗಿ, ಕೊಡಗನ್ನು ಒಂದೊಂದು ನಾಡಾಗಿ ಮರಳಿ ಗೆದ್ದಿದ್ದ. ಗೆದ್ದ ನಾಡು ಬರಿದಾಗಿತ್ತು. ಗದ್ದೆಗಳಲ್ಲಿ ಕಾಡು ಎದ್ದಿತ್ತು. ಜನವೇ ಅವನಿಗೆ ಬೇಕಾದ ಸಂಪತ್ತು. ಮಲಬಾರಿಗೆ ಇಳಿಯುವ ದಾರಿಯ ತುದಿಯಲ್ಲಿ, ಜನರಲ್ ಅಬರ್‌ಕ್ರಾಂಬಿಯನ್ನು ತಾನು ಭೇಟಿಯಾದ ನೆನಪಿಗೆ, ಅವನು ಒಂದು ಪೇಟೆ ಕಟ್ಟಿದ. ಅದೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ. 1792ರಲ್ಲಿ ತಲೆಯೆತ್ತಿದ ಆ ಪೇಟೆಯಲ್ಲಿ ಟಿಪ್ಪುವಿನ ಹಿಡಿತದಿಂದ ತಪ್ಪಿಸಿಕೊಂಡು ಬಂದ ಕೆನರಾದ ಕಿರಿಸ್ತಾನರಿಗೆ ಅರಸ ನೆಲೆ ಕೊಟ್ಟ, ಇಗರ್ಜಿಗೆ ಜಾಗ ಕೊಟ್ಟ. ಇಂದಿಗೂ ಎದ್ದು ಕಾಣುವ ಸಂತ ಅನ್ನಮ್ಮನ ಇಗರ್ಜಿಯ ಮೂಲ ಅಲ್ಲಿದೆ.

ಆಗಿನ ವಿರಾಜಪೇಟೆಯೆಂದರೆ ಮೂರು ರಾಜ್ಯಗಳ ಅಂಚು. ಮೂಡಲಿಗೆ ಟಿಪ್ಪುವಿನ ಮೈಸೂರು, ಘಟ್ಟದ ಕೆಳಗೆ ಕಂಪೆನಿಯ ಮಲಬಾರು, ನಡುವೆ ಆನೆ ನಡೆಯುವ ಕಾಡು. ಹೀಗೆ ತಪ್ಪಿಸಿಕೊಂಡು ಬಂದ ಇಪ್ಪತ್ತರ ಹರೆಯದ ಮಾಜಿ ಸಿಪಾಯಿಯೊಬ್ಬ ಅಲ್ಲಿ ಕೊಡವರ ನೆರೆಯಲ್ಲಿ ಗುಡಿಸಲು ಹಾಕಿದ. ಸಮುದ್ರದ ಉಪ್ಪುಗಾಳಿ ಗೊತ್ತಿದ್ದವನಿಗೆ ಮಂಜು ಮತ್ತು ಜಿಗಣೆಯ ನಾಡು ಹೊಸದು. ಆದರೆ ಗುಡ್ಡದ ಸೆರಗಿನಲ್ಲಿ ಮಡಿ ಮಾಡಿ ಭತ್ತ ಬೆಳೆಯುವ ವಿದ್ಯೆ ಎರಡೂ ಕಡೆಗೆ ಒಂದೇ. ಕೊಡಗಿನ ದಕ್ಷಿಣದಲ್ಲಿ ಇವತ್ತು ಕೊಂಕಣಿ ಪ್ರಾರ್ಥನೆ ಕೇಳುವ ಮನೆಗಳಿರುವುದಕ್ಕೆ ಆ ಮೊದಲ ಗುಡಿಸಲುಗಳು ಕಾರಣ.

ಇನ್ನೂ ಎಷ್ಟೋ ಮಂದಿ ಮಲಬಾರಿನ ದಾರಿ ಹಿಡಿದು ಕಣ್ಣೂರು, ತಲಶೇರಿಗಳತ್ತ ಇಳಿದರು. ಉಳಿದವರು ಪಟ್ಟಣದಲ್ಲೇ, ಮತ್ತೂ ಏಳು ವರ್ಷ, ಮಳೆ ಬಿಸಿಲೆನ್ನದೆ ಸಾಲಿನಲ್ಲಿ ನಿಂತರು.

ಮರಳುವ ದಾರಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕೋಟೆಯ ಬಾಗಿಲಲ್ಲಿ ಹೋರಾಡುತ್ತಲೇ ಮಡಿದ. ಹದಿನೈದು ವರ್ಷ ಸೆರೆಯಲ್ಲಿದ್ದವರ ಮುಂದೆ ದಾರಿ ತೆರೆದುಕೊಂಡಿತು. ಆದರೆ ಯಾವ ಊರಿಗೆ ಹೋಗುವುದು? ಹನ್ನೆರಡಕ್ಕೆ ಹೊರಟವನಿಗೆ ಈಗ ಇಪ್ಪತ್ತೇಳು. ಅಪ್ಪ ಅಮ್ಮ ಘಟ್ಟದಲ್ಲೋ ಪಟ್ಟಣದಲ್ಲೋ ತೀರಿಹೋಗಿದ್ದರು. ಹೊಸ ಹೆಸರಿನಲ್ಲಿ ಮದುವೆಯಾಗಿ, ಮಕ್ಕಳಾಗಿ, ಅಲ್ಲೇ ಬೇರು ಬಿಟ್ಟವರೂ ಇದ್ದರು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಅವರಿಗೆ ಧರ್ಮಸಂಸ್ಕಾರ ನೀಡುವ ಕೆಲಸವನ್ನು ಅಬೆ ದುಬುವಾ ಕೈಗೆತ್ತಿಕೊಂಡ. ಉಳಿದವರು ಗುಂಪುಗುಂಪಾಗಿ ಘಟ್ಟ ಇಳಿದರು.

ಇಳಿದ ನಾಡು ಆಗ ಕಂಪೆನಿಯ ವಶವಾಗಿತ್ತು. ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಅವನೂ ಹದಿನೆಂಟರ ಹರೆಯದಲ್ಲಿ, 1780ರಲ್ಲಿ, ಮದರಾಸಿನ ದಂಡಿಗೆ ಸೇರಿ ಹೈದರನ ವಿರುದ್ಧ ಹೋರಾಡಿದ್ದವನು. 1800ರ ಮೇ 31ರ ತನ್ನ ವರದಿಯಲ್ಲಿ ಕೆನರಾ ನಾಲ್ಕು ದಶಕಗಳಲ್ಲಿ ಕಂಡ ಹಾಳನ್ನು ಅವನು ಪಟ್ಟಿ ಮಾಡಿದ್ದಾನೆ: ಒಂದರ ಹಿಂದೊಂದು ಯುದ್ಧ, ಕರಾವಳಿಯ ಪೇಟೆಗಳನ್ನು ಕೆಡವಿ ಜನರನ್ನು ಜಮಾಲಾಬಾದಿನಂಥ ಜ್ವರದ ಸೀಮೆಗೆ ಅಟ್ಟಿದ್ದು, ಹೊರನಾಡ ವ್ಯಾಪಾರಕ್ಕೆ ತಡೆ, ಜೊತೆಗೆ 60,000ಕ್ಕೂ ಹೆಚ್ಚು ಕಿರಿಸ್ತಾನರನ್ನು ಒಂದೇ ರಾತ್ರಿ ಹಿಡಿದೊಯ್ದದ್ದು. ಹಾಳಾದ ನಾಡಿನ ಕಾರಣಗಳಲ್ಲಿ ಮನ್ರೋ ಈ ಸೆರೆಯನ್ನೂ ಎಣಿಸಿದ್ದಾನೆ ಎಂಬುದನ್ನು ಗಮನಿಸಬೇಕು. ಒಂದು ಸಮುದಾಯ ನೊಂದಾಗ ಇಡೀ ನಾಡಿನ ಗದ್ದೆಗಳು ಬೀಳು ಬಿದ್ದವು.

ನಾಡು ಇನ್ನೂ ಶಾಂತವಾಗಿರಲಿಲ್ಲ. ವಿಟ್ಲದ ಅರಸ ಹೊಸ ಆಳ್ವಿಕೆಯ ವಿರುದ್ಧ ಎದ್ದಿದ್ದ. ಗಡಾಯಿಕಲ್ಲಿನ ಮೇಲಿನ ಜಮಾಲಾಬಾದ್ ಕೋಟೆ ಬಂಡಾಯದವರ ಕೈಗೆ ಹೋಗಿ, ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಕಂಪೆನಿಗೆ ದಕ್ಕಿತು. ಇಂಥ ದಾರಿಗಳಲ್ಲಿ ಹೆಂಡತಿ, ಮಕ್ಕಳು, ಒಂದು ಗಂಟು ಬಟ್ಟೆಯೊಡನೆ ಹಳೆಯ ಸೆರೆಯಾಳುಗಳು ನಡೆದು ಬಂದರು.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಮಂಗಳೂರಿಗೆ ಬಂದ. ಮೈಸೂರು, ಕೆನರಾ, ಮಲಬಾರುಗಳ ಬೇಸಾಯ, ಜಾತಿ, ಕಸುಬುಗಳನ್ನು ಊರೂರು ಸುತ್ತಿ ಬರೆದಿಟ್ಟ ಈ ವೈದ್ಯ ಇಲ್ಲಿಯ ಪಾದ್ರಿಗಳೊಡನೆಯೂ ಮಾತಾಡಿದ. ಅವನ ಲೆಕ್ಕದಂತೆ ಆ ವೇಳೆಗೆ ಮಂಗಳೂರು ಮತ್ತು ಸುತ್ತಲಿನ ಊರುಗಳಿಗೆ 15,000 ಮಂದಿ ಮರಳಿದ್ದರು. ಟಿಪ್ಪುವಿನ ಕಾಲದಲ್ಲೇ ಮಲಬಾರಿಗೆ ತಪ್ಪಿಸಿಕೊಂಡಿದ್ದ ಇನ್ನೂ 10,000 ಮಂದಿ, ಬಡತನ ಬಿಟ್ಟಂತೆಲ್ಲ, ಒಬ್ಬೊಬ್ಬರಾಗಿ ಹಿಂದಿರುಗುತ್ತಿದ್ದರು. ಇಗರ್ಜಿ ಕಟ್ಟಲು ಅವರಲ್ಲಿ ದುಡ್ಡಿರಲಿಲ್ಲ. ಹೈದರನ ಕಾಲದಲ್ಲಿ ಅವರದಾಗಿದ್ದ ಭೂಮಿ ಬೇರೆ ಜಾತಿಗಳವರಿಗೆ ಹಂಚಿಹೋಗಿತ್ತು. ಅದನ್ನು ಬಿಡಿಸಿಕೊಳ್ಳುವುದು ಕಷ್ಟವೆಂದು ಬುಕಾನನ್ ಕಂಡುಕೊಂಡ. ಇವರ ದುಡಿಮೆಯನ್ನು ಇವರಿಗಿಂತ ಮೊದಲು ನೆರೆಯ ಹಿಂದೂಗಳೇ ಹೊಗಳುತ್ತಾರೆ ಎಂದೂ ಅವನು ದಾಖಲಿಸಿದ್ದಾನೆ. ನಿಜಕ್ಕೂ ಈ ಕಥೆಯ ಎರಡನೆಯ ಅರ್ಧಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮರಳಿ ಬಂದು ಎರಡೇ ವರ್ಷ; ಕೈಯಲ್ಲಿ ಕಾಸಿಲ್ಲ, ತಲೆಯ ಮೇಲೆ ಸ್ವಂತ ಸೂರಿಲ್ಲ; ಆದರೂ ನೆರೆಮನೆಯವರ ಬಾಯಲ್ಲಿ ಒಳ್ಳೆಯ ಮಾತು.

ಮತ್ತೆ ಒಕ್ಕಲು

ಹದಿನೈದು ವರ್ಷ ಉಳುಮೆ ಕಾಣದ ಕರಾವಳಿಯ ನೆಲ ಏನಾಗುತ್ತದೆಂದು ಇಲ್ಲಿಯ ರೈತರಿಗೆ ಗೊತ್ತು. ಎರಡು ಮಳೆಗಾಲ ಸಾಕು, ಹುಣಿ ಒಡೆದು ಕೊಚ್ಚಿಹೋಗುತ್ತದೆ. ಐದಕ್ಕೆ ಪೊದೆ, ಹತ್ತಕ್ಕೆ ಮರ. ಹೊಳೆಯ ದಡದ ಬೈಲುಗದ್ದೆಗಳು ಆಗಲೇ ಬೇರೆಯವರ ಕೈಯಲ್ಲಿದ್ದವು. ಮರಳಿ ಬಂದವರಿಗೆ ಸಿಕ್ಕಿದ್ದು ಹೆಚ್ಚಾಗಿ ಮೇಲಿನ ಮಜಲು, ಅದಕ್ಕೂ ಮೇಲಿನ ಬೆಟ್ಟು, ಗುಡ್ಡದ ಬುಡದ ಬೀಳುಭೂಮಿ. ಬೈಲಿನಲ್ಲಿ ಏಣೆಲು, ಸುಗ್ಗಿ, ನೀರಿದ್ದರೆ ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದು. ಬೆಟ್ಟುಗದ್ದೆಯಲ್ಲಿ ಮಳೆಯ ಒಂದೇ ಬೆಳೆ. ಅದಕ್ಕೂ ಮೊದಲು ಪೊದೆ ಕಡಿದು, ಮುರಕಲ್ಲು ಎಬ್ಬಿಸಿ, ಮಣ್ಣು ಹೊತ್ತು ಹುಣಿ ಕಟ್ಟಬೇಕು.

ಕರಾವಳಿಯ ಭೂಪದ್ಧತಿ ಇಲ್ಲಿ ಅವರಿಗೆ ಒಂದು ಆಸರೆ ಕೊಟ್ಟಿತು. ಇಲ್ಲಿ ಭೂಮಿ ಖಾಸಗಿ ಸೊತ್ತು. ಮಾರಬಹುದು, ಅಡವಿಡಬಹುದು, ಗೇಣಿಗೆ ಕೊಡಬಹುದು. ಹಳೆಯ ಕಡತಗಳನ್ನು ಬಿಚ್ಚಿಸಿ ನೋಡಿದ ಮನ್ರೋ ಈ ಹಕ್ಕನ್ನು ಕಂಡು ಒಪ್ಪಿಕೊಂಡ. ಬೀಳುಭೂಮಿಯನ್ನು ಸಾಗುವಳಿಗೆ ತರಬೇಕಾದ ಒಡೆಯರು ಅದನ್ನು ಮೂಲಗೇಣಿಗೆ ಕೊಡುತ್ತಿದ್ದರು: ಗೇಣಿ ಗೊತ್ತು ಮಾಡಿದ್ದು, ಅದನ್ನು ಸಲ್ಲಿಸುವವರೆಗೆ ಒಕ್ಕಲನ್ನು ಎಬ್ಬಿಸುವಂತಿಲ್ಲ, ಹಕ್ಕು ಮಕ್ಕಳಿಗೂ ಹೋಗುತ್ತದೆ. ಅದು ಸಿಗದವರು ಚಾಲಗೇಣಿಯಲ್ಲಿ, ಒಡೆಯ ಹೇಳಿದಂತೆ ವರ್ಷವರ್ಷಕ್ಕೆ ಉಳುತ್ತಿದ್ದರು. ಕಳೆದುಕೊಂಡ ಜಮೀನಿನ ಒಡೆತನಕ್ಕಾಗಿ ಕಾದು ಕೂರದೆ, ಬಂಟರ, ಜೈನರ, ಬ್ರಾಹ್ಮಣರ ಭೂಮಿಯಲ್ಲಿ ಒಕ್ಕಲಾಗಿ ದುಡಿದೇ ಈ ಜನ ಮತ್ತೆ ನೆಲ ಹಿಡಿದರು.

ಇಲ್ಲಿ ಸಿಪಾಯಿತನವೂ ಅವನ ಕೈಬಿಡಲಿಲ್ಲವೆಂದು ನನಗನ್ನಿಸುತ್ತದೆ. ಸಾಲಿನಲ್ಲಿ ನಿಂತು ದುಡಿಯುವುದು, ಹಸಿದ ಹೊಟ್ಟೆಯಲ್ಲಿ ದಿನ ನೂಕುವುದು, ಭಾಷೆ ಗೊತ್ತಿಲ್ಲದವನ ಪಕ್ಕ ನಂಬಿಕೆಯಿಂದ ಮಲಗುವುದು, ಇವು ಅವನು ಪಟ್ಟಣದಲ್ಲಿ ಕಲಿತದ್ದು. ಕಾಡು ಕಡಿಯುವವನಿಗೆ ಬೇಕಾದದ್ದೂ ಇವೇ. ಬಲವಂತವಾಗಿ ಕಲಿತ ಶಿಸ್ತನ್ನು ಅವನು ತನ್ನ ಇಚ್ಛೆಯ ಕೆಲಸಕ್ಕೆ ತಿರುಗಿಸಿಕೊಂಡ.

ಮನಸ್ಸಿನ ಮರುವಾಸ ಅದಕ್ಕಿಂತ ಕಷ್ಟದ್ದು. ಹದಿನೈದು ವರ್ಷ ಬೇರೆ ಹೆಸರಿನಲ್ಲಿ, ಬೇರೆ ಆಚಾರದಲ್ಲಿ ಬಾಳಿದವರನ್ನು ಸಮುದಾಯ ಹೊರಗಿಡಬಹುದಿತ್ತು. ಹಾಗಾಗಲಿಲ್ಲ. ಬಲವಂತಕ್ಕೆ ಸಿಕ್ಕಿ ಮತ ಬಿಟ್ಟವರನ್ನು ಇಗರ್ಜಿ ಮರಳಿ ಸೇರಿಸಿಕೊಂಡಿತು. ಪಟ್ಟಣದಲ್ಲಿ ಹುಟ್ಟಿದ ಮಕ್ಕಳಿಗೆ ದೀಕ್ಷಾಸ್ನಾನವಾಯಿತು. ಯಾರು ಎಷ್ಟು ಸೋತರು ಎಂಬ ಲೆಕ್ಕ ಹಿಡಿಯದೆ ಎಲ್ಲರನ್ನೂ ಒಂದೇ ಪಂಕ್ತಿಗೆ ಕೂರಿಸಿದ್ದರಿಂದಲೇ ಈ ಸಮುದಾಯ ಉಳಿಯಿತು.

ನಂತರದ ದಶಕಗಳಲ್ಲಿ ಇಗರ್ಜಿಗಳು ಒಂದೊಂದಾಗಿ ಎದ್ದವು. ಮಿಲಾಗ್ರಿಸ್ 1811ರಲ್ಲಿ ಮತ್ತೆ ದೊಡ್ಡದಾಗಿ ನಿಂತಿತು. ಗೇಣಿಗದ್ದೆಯ ಒಕ್ಕಲಿನ ಮಕ್ಕಳು ಸರಕಾರಿ ಕಚೇರಿ ಸೇರಿದರು, ವ್ಯಾಪಾರಕ್ಕಿಳಿದರು, ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಹೋದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದಾಗ ಅದಕ್ಕೆ ಗುಡ್ಡದ ಮೇಲಿನ ಜಾಗ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು. ಪಟ್ಟಣದಿಂದ ಬರಿಗೈಯಲ್ಲಿ ಇಳಿದು ಎಂಬತ್ತು ವರ್ಷ, ಅಂದರೆ ಮೂರೇ ತಲೆಮಾರು. ಅಷ್ಟರಲ್ಲಿ ಊರಿಗೆ ಕಾಲೇಜಿನ ಜಾಗ ದಾನ ಮಾಡುವ ಸ್ಥಿತಿಗೆ ಸಮುದಾಯ ಬಂದಿತ್ತು.

ನೆನೆಯುವ ಬಗೆ

ಮಂಗಳೂರಿನ ಮುತ್ತಿಗೆಯಲ್ಲಿ ಕಾದಾಡಿದ ಸ್ಕಾಟ್ಲೆಂಡಿನ ಹೈಲ್ಯಾಂಡರ್ ದಳಕ್ಕೆ 'ಮಂಗಳೂರು' ಎಂಬ ಯುದ್ಧಗೌರವ ದಕ್ಕಿತು. ಮುಂದೆ ಬ್ಲ್ಯಾಕ್ ವಾಚ್ ರೆಜಿಮೆಂಟು ತನ್ನ ಧ್ವಜದ ಮೇಲೆ ನಮ್ಮ ಊರಿನ ಹೆಸರನ್ನು ಹೊತ್ತು ಜಗತ್ತು ಸುತ್ತಿತು. ಬೋಳೂರಿನಲ್ಲಿ ಗುರುಪುರ ನದಿಯ ದಡದ ಸುಲ್ತಾನ್ ಬತ್ತೇರಿ ಟಿಪ್ಪುವಿನ ಹೆಸರನ್ನು ಉಳಿಸಿಕೊಂಡಿದೆ. ಎರಡೂ ಪಡೆಗಳ ಗುರುತು ಉಳಿಯಿತು. ಹಿಡಿದೊಯ್ದವರ ಕಥೆ ಉಳಿದದ್ದು ಮನೆಮಾತಿನಲ್ಲಿ, ಇಗರ್ಜಿಯ ಪುಸ್ತಕಗಳಲ್ಲಿ, ವಿ. ಜೆ. ಪಿ. ಸಲ್ಡಾನರ ಕೊಂಕಣಿ ಐತಿಹಾಸಿಕ ಕಾದಂಬರಿಗಳಲ್ಲಿ, ಸೆವೆರಿನ್ ಸಿಲ್ವ ಮತ್ತು ಅಲನ್ ಮಚಾದೊ ಪ್ರಭು ಅವರಂಥವರು ಕಷ್ಟಪಟ್ಟು ಬರೆದ ಇತಿಹಾಸಗಳಲ್ಲಿ.

ಕಳೆದ ಕೆಲವು ವರ್ಷಗಳಿಂದ ಈ ಸೆರೆಯ ಮಾತು ಕರ್ನಾಟಕದಲ್ಲಿ ಮತ್ತೆ ಕೇಳಿಬರುತ್ತಿದೆ. 2015ರಲ್ಲಿ ಸರಕಾರ ಟಿಪ್ಪು ಜಯಂತಿಯನ್ನು ಆಚರಿಸತೊಡಗಿ, 2019ರಲ್ಲಿ ಇನ್ನೊಂದು ಸರಕಾರ ಅದನ್ನು ಕೈಬಿಟ್ಟ ನಡುವೆ, ಈ ಸತ್ತವರನ್ನು ಎರಡು ಬಣಗಳೂ ತಮ್ಮ ವಾದಕ್ಕೆ ಎಳೆದವು. ಒಬ್ಬರು ಸೆರೆಯೇ ನಡೆಯಲಿಲ್ಲವೆಂದರೆ ಇನ್ನೊಬ್ಬರಿಗೆ ಸೆರೆಯನ್ನು ಬಿಟ್ಟು ಬೇರೇನೂ ಬೇಡ. ಟಿಪ್ಪುವಿನ ಆಸ್ಥಾನವೇ ಹೆಮ್ಮೆಯಿಂದ ಬರೆದುಕೊಂಡದ್ದನ್ನು ನಾವು ಅಲ್ಲಗಳೆಯುವುದು ಸಾಧ್ಯವಿಲ್ಲ. ಅದೇ ಟಿಪ್ಪು 1791ರಲ್ಲಿ ಮರಾಠಾ ದಂಡು ಸೂರೆ ಮಾಡಿದ ಶೃಂಗೇರಿ ಮಠಕ್ಕೆ ನೆರವಾದದ್ದನ್ನೂ ಅಲ್ಲಗಳೆಯಲಾಗದು. ಇತಿಹಾಸ ಎರಡನ್ನೂ ಹೊತ್ತುಕೊಂಡೇ ನಡೆಯುತ್ತದೆ. ಎರಡು ಶತಮಾನದ ಹಿಂದಿನ ಅರಸನ ಕ್ರೌರ್ಯಕ್ಕೆ ಇಂದಿನ ನೆರೆಮನೆಯ ಮುಸ್ಲಿಮನನ್ನು ಹೊಣೆ ಮಾಡುವುದು, ಒಂದು ಕೋಟೆಯ ದೋಷಕ್ಕೆ ಒಂದಿಡೀ ಜನಾಂಗವನ್ನು ಹಿಡಿದೊಯ್ದ 1784ರ ತಪ್ಪನ್ನೇ ಮತ್ತೆ ಮಾಡಿದಂತೆ.

ನಮ್ಮ ಮೂಲಪುರುಷನ ಬಾಳನ್ನು ಪೂರ್ತಿಯಾಗಿ ನೋಡಿದರೆ ಅವನಿಂದ ಕಲಿಯಬೇಕಾದದ್ದು ಬೇರೆ ಸಿಗುತ್ತದೆ. ಹನ್ನೆರಡರಿಂದ ಇಪ್ಪತ್ತೇಳರವರೆಗೆ ಅವನಿಗೆ ಏನಾಯಿತು ಎಂಬುದನ್ನು ಬೇರೆಯವರು ನಿರ್ಧರಿಸಿದರು. ಅಲ್ಲಿಂದ ಮುಂದಿನದ್ದನ್ನು ಅವನೇ ನಿರ್ಧರಿಸಿದ. ಸೇಡಿಗೆ ಹೊರಡದೆ ಒಕ್ಕಲಾದ. ಜಾತಿ ಮತ ನೋಡದೆ ಭೂಮಿ ಕೊಟ್ಟವರ ಜೊತೆ ಬದುಕಿದ. ತನ್ನಂತೆ ಸೋತು ಬಂದವರನ್ನು ಹೀಯಾಳಿಸದೆ ಸೇರಿಸಿಕೊಂಡ. ಚೌಟ ಅರಸರು, ವೀರರಾಜೇಂದ್ರ, ಹೆಸರು ಉಳಿಯದ ನೂರಾರು ಬಂಟ, ಜೈನ, ಕೊಡವ ಮನೆಗಳು ಅವನಿಗೆ ನಿಲ್ಲಲು ನೆಲ ಕೊಟ್ಟವು. ಆ ಉಪಕಾರವೂ ನಮ್ಮ ಇತಿಹಾಸದ ಭಾಗ, ಸೆರೆಯಷ್ಟೇ ಖಚಿತವಾದ ಭಾಗ.

ಇದಕ್ಕಾಗಿ ಮಾಡಬೇಕಾದ ಕೆಲಸವೂ ಇದೆ. ಅಜ್ಜ ಅಜ್ಜಿಯರು ಹೇಳಿದ ಮರಳುವಿಕೆಯ ಕಥೆಗಳನ್ನು, ಯಾರ ಭೂಮಿಯಲ್ಲಿ ಮೊದಲ ಗೇಣಿ ಸಿಕ್ಕಿತು, ಯಾವ ಮನೆಯವರು ಮೊದಲ ಬೀಜದ ಭತ್ತ ಕೊಟ್ಟರು ಎಂಬ ವಿವರಗಳನ್ನು ಈಗಲೇ ಬರೆದಿಡಬೇಕು. ಇಗರ್ಜಿಗಳ ಹಳೆಯ ದೀಕ್ಷಾಸ್ನಾನದ, ಮದುವೆಯ ಪುಸ್ತಕಗಳನ್ನು, ಮನೆಗಳ ಪೆಟ್ಟಿಗೆಯಲ್ಲಿರುವ ಗೇಣಿಚೀಟುಗಳನ್ನು ಗೆದ್ದಲು ತಿನ್ನುವ ಮೊದಲು ಪ್ರತಿ ಮಾಡಿಸಿಡಬೇಕು. ಬಂಟರ, ಜೈನರ ಹಳೆಯ ಮನೆಗಳಲ್ಲೂ ಅದೇ ಒಪ್ಪಂದಗಳ ಇನ್ನೊಂದು ಪ್ರತಿ ಇರಬಹುದು. ಅವುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ನಮ್ಮ ಮಕ್ಕಳಿಗೆ ಸೆರೆಯ ಕಥೆಯನ್ನು ಹೇಳುವಾಗ ಘಟ್ಟ ಹತ್ತಿದ್ದರಲ್ಲಿ ನಿಲ್ಲಿಸದೆ ಇಳಿದದ್ದನ್ನೂ ಹೇಳಬೇಕು. ಏಕೆಂದರೆ ಈ ಊರಿನಲ್ಲಿ ನಾವು ಇಂದು ನಿಂತಿರುವುದು ಹತ್ತಿದವರು ಕಳೆದುಕೊಂಡದ್ದರ ಮೇಲಲ್ಲ, ಇಳಿದವರು ನೆರೆಯವರ ಜೊತೆ ಸೇರಿ ಕಟ್ಟಿದ್ದರ ಮೇಲೆ.